ಭುಜದ ಮೇಲೆ ಒಂದು ಸಲ ತಟ್ಟಿದರೆ

ನಾನು ಓದಿದ್ದು ನಾಲ್ಕನೇ ಇಯತ್ತೆ. ಅಪ್ಪ ತೀರಿಕೊಂಡ ಮೇಲೆ ಹುಮನಾಬಾದಿನ ಒಂದು ಲೇತ್ ಅಂಗಡಿಯಲ್ಲಿ ಕಬ್ಬಿಣ ಕಡೆಯುವ ಕೆಲಸಕ್ಕೆ ನಿಂತೆ. ತಮ್ಮನನ್ನು ಮಾತ್ರ ಶಾಲೆ ಬಿಡಿಸಲಿಲ್ಲ. ಅವನು ಕಲಿತು ಅದೇ ಹುಮನಾಬಾದಿನಲ್ಲಿ ಗುಮಾಸ್ತನಾದ. ಮನೆ ಮಾತ್ರ ಬಸವಕಲ್ಯಾಣದಲ್ಲಿ. ಬಸ್ಸಿನ ಬಾಗಿಲಿಗೆ ಜೋತುಬಿದ್ದು ವರ್ಷಗಟ್ಟಲೆ ಓಡಾಡಿದ ಮೇಲೆ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನೊಂದು ಹಳೆಯ ಸ್ಕೂಟರ್ ಕೊಂಡೆ.

ಬೆಳಿಗ್ಗೆ ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ಸ್ವಲ್ಪ ತಡೆದು ಕಿಕ್ ಹೊಡೆದರೆ ಎರಡನೆಯದಕ್ಕೇ ಎದ್ದುಬಿಡುತ್ತಿತ್ತು. ಸವೆದ ಬುಶ್‌ಗಳನ್ನೆಲ್ಲ ನಾನೇ ಲೇತಿನ ಮೇಲೆ ಕಡೆದು ಕೂರಿಸಿದ್ದೆ. ಯಾವ ಮೆಕ್ಯಾನಿಕ್ಕೂ ಅದರ ನಟ್ಟಿಗೆ ಪಾನ ಹಚ್ಚಿರಲಿಲ್ಲ. ತಮ್ಮನೂ ಮುಟ್ಟಬಾರದು ಎಂದು ನನ್ನ ಕಟ್ಟಪ್ಪಣೆ.

"ಅಣ್ಣ, ಜರಾ ನನಗೂ ಕಲಿಸು. ಥಂಡ್ಯಾಗ ನೀ ಕೆಮ್ಮಕೋತ ಯಾಕ ಹೊಡೀಬೇಕು?" ಎಂದು ಅವನು ಕೇಳಿದ್ದುಂಟು.

"ನೀ ಪೆನ್ನು ಹಿಡಿ. ಹ್ಯಾಂಡಲ್ ನಾ ಹಿಡೀತೀನಿ," ಎಂದಿದ್ದೆ.

ಅವನು ಕಚೇರಿಯ ಗೆಳೆಯನೊಬ್ಬನ ಗಾಡಿಯ ಮೇಲೆ ಕದ್ದು ಕಲಿತ. ಒಂದು ಭಾನುವಾರ ನಾನು ಸ್ನಾನಕ್ಕೆ ಕೂತಾಗ ಸ್ಕೂಟರ್ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದ. ರಾಜೇಶ್ವರದಿಂದ ಅವನ ಮಾವ ಬರುವವರಿದ್ದರು. ಮಾವನನ್ನು ಕೂರಿಸಿಕೊಂಡು ಬರುವಾಗ ನಮ್ಮ ಓಣಿಯ ತಿರುವಿನಲ್ಲೇ ಉಸುಕಿನ ಮೇಲೆ ಗಾಲಿ ಜಾರಿತು. ಇಬ್ಬರಿಗೂ ಏನೂ ಆಗಲಿಲ್ಲ. ಬಲಗಡೆಯ ತಗಡು ಮಾತ್ರ ಅಂಗೈ ಅಗಲ ಒಳಕ್ಕೆ ಹೋಗಿತ್ತು.

ಮಾವ ಇನ್ನೂ ಧೋತರದ ಧೂಳು ಕೊಡವುತ್ತಿದ್ದರು. ನಾನು ತಗಡು ನೋಡಿದೆ. ಕೈ ಎತ್ತಿ ತಮ್ಮನ ಕೆನ್ನೆಗೆ ಹೊಡೆದೆ. ಅವನಿಗಾಗ ಮೂವತ್ತು ದಾಟಿತ್ತು. ಅವನ ಹೆಂಡತಿ ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ತಗಡು ಬಡದ್ರ ಸರಿ ಆಗ್ತದ್ರಿ," ಎಂದರು ಮಾವ. "ಮನಷ್ಯಾನ ಯಾಕ ಬಡೀತೀರಿ?"

ಅವರು ಚಹಾ ಕುಡಿಯದೆ ಹೋದರು. ತಮ್ಮನು ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ನಡೆದ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ.

ಮರುದಿನ ಅವನು ಬಸ್ಸಿಗೆ ಹೊರಟಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಮಾತಾಡ್ರಿ, ಬಿಡ್ರಿ, ಅದು ನಿಮಗ ಬಿಟ್ಟಿದ್ದು. ಖರೆ ಒಂದೇ ಗಾಡಿ ಮ್ಯಾಲ ಹೋಗ್ರಿ, ಒಂದೇ ಗಾಡಿ ಮ್ಯಾಲ ಬರ್ರಿ. ಓಣ್ಯಾಗ ಮಂದಿ ನಗೂವಂಗ ಆಗಬಾರ್ದು."

ಹೀಗೆ ಐದು ವರ್ಷ. ನಾನು ಮುಂದೆ, ಅವನು ಹಿಂದೆ. ಅವನು ನನ್ನ ಮೈಗೆ ಮೈ ತಾಗದಂತೆ ಹಿಂದಕ್ಕೆ ಸರಿದು, ಬೆನ್ನ ಹಿಂದಿನ ಸ್ಟೆಪ್ನಿ ಹಿಡಿದು ಕೂರುತ್ತಿದ್ದ. ಇಳಿಯುವುದಿದ್ದರೆ ನನ್ನ ಭುಜದ ಮೇಲೆ ಒಂದು ಸಲ ತಟ್ಟುತ್ತಿದ್ದ. ನಾನು ನಿಲ್ಲಿಸುತ್ತಿದ್ದೆ. ಅದೇ ನಮ್ಮ ಮಾತು. ಪಂಕ್ಚರ್ ಅಂಗಡಿಯ ಚಾಚಾ ಗಾಳಿ ತುಂಬುತ್ತ, "ನಿಮ್ಮಂಥಾ ಅಣ್ಣತಮ್ಮರು ಈ ಓಣ್ಯಾಗ ಇಲ್ರಿ. ನಮ್ಮ ಹುಡುಗರಿಗೆ ದಿನಾ ಹೇಳ್ತೀನಿ," ಎನ್ನುತ್ತಿದ್ದರು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ನಗುತ್ತಿದ್ದೆವು.

ಹೊಡೆದದ್ದು ತಪ್ಪು ಎಂದು ನನಗೆ ಅಂದೇ ಗೊತ್ತಿತ್ತು. ಆದರೆ ಮೊದಲು ಮಾತಾಡುವುದು ಚಿಕ್ಕವನ ಕೆಲಸ ಎಂದು ಕೂತೆ. ಅವನ ಒಂದು ಮಾತಿಗೆ ನಾನು ಎಷ್ಟು ಕಾದೆ ಎಂಬುದು ಯಾರಿಗೂ ಗೊತ್ತಾಗದಂತೆ ಕಾದೆ. ತಗಡಿನ ತಗ್ಗು ಬಡಿದು ತೆಗೆಯುವುದು ನನಗೆ ಅರ್ಧ ಗಂಟೆಯ ಕೆಲಸ. ಅದನ್ನೂ ಹಾಗೇ ಬಿಟ್ಟಿದ್ದೆ, ಅವನ ಕಣ್ಣಿಗೆ ದಿನಾ ಬೀಳಲಿ ಎಂದು.

ಐದನೆಯ ವರ್ಷದ ಚಳಿಗಾಲ. ಒಂದು ಸಂಜೆ ಅವ್ವ ರೊಟ್ಟಿ ಬಡಿಸುತ್ತ ಹೇಳಿದಳು: "ಅಣ್ಣನ ಕೆಮ್ಮು ಕಡಿಮಿ ಆಗ್ಯಾದೇನು ಅಂತ ನಿನ್ನ ತಮ್ಮ ಕೇಳಾಕತ್ತಿದ್ದ. ನನಗ್ಯಾಕ ಕೇಳ್ತಿ, ಅವನ್ನೇ ಕೇಳು ಅಂದೆ. ನಾಳಿ ಕೇಳ್ತೀನಿ ಅಂದಾನ."

ಮರುದಿನ ನಾನು ಬೇಗ ಎದ್ದು ಗಾಡಿ ಒರೆಸಿದೆ. ದಾರಿಯುದ್ದಕ್ಕೂ ನನ್ನ ಕಿವಿ ಹಿಂದೆಯೇ ಇತ್ತು. ರಾಜೇಶ್ವರದವರೆಗೂ ಅವನು ಏನೂ ಅನ್ನಲಿಲ್ಲ.

ಅದನ್ನು ದಾಟಿ ಎರಡು ಮೈಲಿ ಹೋಗಿರಬಹುದು. ಭುಜದ ಮೇಲೆ ಒಂದು ಸಲ ತಟ್ಟಿದ. ಅಲ್ಲಿ ಊರಿಲ್ಲ, ಅಂಗಡಿಯಿಲ್ಲ, ಎರಡೂ ಕಡೆ ತೊಗರಿ ಹೊಲ. ಇಲ್ಲಿ ನಿಲ್ಲಿಸು ಎಂದರೆ ಮಾತಾಡುವುದಕ್ಕೇ ಎಂದುಕೊಂಡೆ. ಹಾಗಾದರೆ ಬಾಯಿ ತೆರೆದು 'ಅಣ್ಣ' ಅನ್ನಲಿ, ಆಮೇಲೆ ನಿಲ್ಲಿಸುತ್ತೇನೆ. ಇಷ್ಟು ವರ್ಷ ಕಾದವನು ಇನ್ನೊಂದು ಗಳಿಗೆ ಕಾಯಲಾರೆನೆ? ಅವನು ಮತ್ತೆ ತಟ್ಟಿದ. ನಾನು ನಿಲ್ಲಿಸಲಿಲ್ಲ.

ಆಮೇಲೆ ಅವನ ಕೈ ಸ್ಟೆಪ್ನಿ ಬಿಟ್ಟು ನನ್ನ ಸೊಂಟದ ಹತ್ತಿರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿಯಿತು. ಹಣೆ ನನ್ನ ಬೆನ್ನಿಗೆ ತಾಗಿತು. ತಾಗಿದ್ದು ಅಲ್ಲೇ ಉಳಿಯಿತು. ಚಿಕ್ಕವನಿದ್ದಾಗ ಅವನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಡುತ್ತಿದ್ದೆ, ಆಗ ಹೀಗೇ ಹಣೆ ಇಟ್ಟು ಮಲಗಿಬಿಡುತ್ತಿದ್ದ.

ಬರೆಯಲು ನಾಚಿಕೆಯಾಗುತ್ತದೆ. ನನಗೆ ಖುಷಿಯಾಯಿತು. ಮಾತಿನಲ್ಲಿ ಹೇಳಲಾಗದ್ದನ್ನು ಹೀಗೆ ಹೇಳುತ್ತಿದ್ದಾನೆ ಎಂದುಕೊಂಡೆ. ರಸ್ತೆಯ ತಗ್ಗು ತಪ್ಪಿಸುತ್ತ, ಆ ಹಣೆ ಸರಿಯದಂತೆ, ಹುಮನಾಬಾದಿನವರೆಗೂ ಗಾಡಿ ನಿಧಾನವಾಗಿ ಹೊಡೆದೆ. ಅಷ್ಟು ನಿಧಾನ ನಾನು ಎಂದೂ ಹೊಡೆದವನಲ್ಲ.

ಕಚೇರಿಯ ಗೇಟಿನಲ್ಲಿ ನಿಲ್ಲಿಸಿದರೆ ಅವನು ಇಳಿಯಲಿಲ್ಲ. ಜವಾನ ಓಡಿ ಬಂದ. "ಏನಾಯ್ತ್ರಿ ಸಾಹೇಬ್ರ? ಮಾರಿ ಎಲ್ಲಾ ಬೆವತದ." ನನ್ನ ಅಂಗಿಯಿಂದ ಅವನ ಬೆರಳುಗಳನ್ನು ಜವಾನನೇ ಒಂದೊಂದಾಗಿ ಬಿಡಿಸಿದ. ಕಚೇರಿಯ ಜೀಪಿನಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದೆವು.

ಡಾಕ್ಟರ್ ಕೇಳಿದರು, "ಎದಿ ನೋವು ಯಾವಾಗ ಸುರು ಆಯ್ತು?"

"ಗೊತ್ತಿಲ್ರಿ."

"ದಾರ್ಯಾಗ ಏನೂ ಹೇಳಲಿಲ್ಲೇನು?"

"ಇಲ್ರಿ," ಎಂದೆ.

ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟ.

ನಿಲ್ಲಿಸಿದ್ದರೆ ಬದುಕುತ್ತಿದ್ದನೆ? ಆ ಹೊಲಗಳ ನಡುವೆ ಯಾರಿದ್ದರು? ಬದುಕುತ್ತಿರಲಿಲ್ಲವೇನೋ. ಆದರೆ ಅವನು ಬದುಕಿಸು ಎಂದು ಕೇಳಿರಲಿಲ್ಲ. ಗಾಡಿ ನಿಲ್ಲಿಸು ಎಂದಿದ್ದ, ಎರಡು ಸಲ. ನಿಲ್ಲಿಸಿದ್ದರೆ ಇಳಿದು ಬದುವಿನ ಮೇಲೆ ಕಾಲು ಚಾಚಿ, ನನ್ನ ಮುಖ ನೋಡುತ್ತಿದ್ದ. ಅಷ್ಟನ್ನೂ ನಾನು ಕೊಡಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. "ಭಾವಾರ, ಅವತ್ತು ಗಾಡಿ ಮ್ಯಾಲ ಅವರು ಏನರ ಮಾತಾಡಿದ್ರೇನ್ರಿ?"

ನಿಜ ಹೇಳಲು ಬಾಯಿ ತೆರೆದೆ.

"ಹೌದವ್ವ. ನಿನ್ನ ಕೆಮ್ಮು ಕಡಿಮಿ ಆಗ್ಯಾದೇನಣ್ಣ ಅಂತ ಕೇಳಿದ," ಎಂದೆ.

"ನೀವು ಏನಂದ್ರಿ?"

"ಆಗ್ಯಾದ ಅಂದೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಳಗೆ ಅವ್ವ, "ನಾ ಹೇಳಿರಲಿಲ್ಲೇನು? ಕೇಳ್ತಾನ ಅಂತ ಹೇಳಿರಲಿಲ್ಲೇನು?" ಎಂದು ಅತ್ತಳು.

ಮನೆಗೆ ಯಾರು ಬಂದರೂ ಈಗ ಇಬ್ಬರೂ ಅದನ್ನೇ ಹೇಳುತ್ತಾರೆ, ಕೊನೆಗಳಿಗೆಯಲ್ಲಿ ಅಣ್ಣತಮ್ಮ ಮಾತಾಡಿದರು ಎಂದು. ಬಂದವರು ನನ್ನ ಕಡೆ ತಿರುಗಿ, "ಹೌದೇನ್ರಿ?" ಎಂದು ಕೇಳುತ್ತಾರೆ. ನಾನು "ಹೌದ್ರಿ" ಎಂದು ಎದ್ದು ಹೊರಗೆ ಬಂದು, ಗಾಡಿ ವಾಲಿಸಿ ಕಿಕ್ ಹೊಡೆಯುತ್ತೇನೆ, ಎಲ್ಲಿಗೂ ಹೋಗುವುದಿಲ್ಲದಿದ್ದರೂ.