ಮೂರನೇ ಮಹಡಿಯ ಅಡುಗೆಮನೆ

ದೆವ್ವ, ಆತ್ಮ ಎಂದು ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಮಾಷೆ. ಹಾಸ್ಟೆಲಿನಲ್ಲಿ ದೆವ್ವದ ದನಿ ತೆಗೆದು ಜೂನಿಯರುಗಳನ್ನು ಹೆದರಿಸುತ್ತಿದ್ದವನೇ ನಾನು. ಒಮ್ಮೆ ನನ್ನದೇ ದನಿಯ ಪ್ರತಿಧ್ವನಿ ಕೇಳಿ ನಾನೇ ಓಡಿದ್ದೂ ಉಂಟು. ಆದ್ದರಿಂದ ಮುಂದಿನದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎರಡು ವರ್ಷದ ಹಿಂದೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಓದುವಾಗ, ಬ್ರೂಮ್‌ಹಿಲ್‌ನಲ್ಲಿ ಒಲೆನಾ ಆಂಟಿಯ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಇಂಗ್ಲಿಷನ್ನು ಅವರೆದುರೇ ಅಣಕಿಸಿದರೆ ಬೈದು, ಸೂಪು ಬಡಿಸುತ್ತಿದ್ದರು. ಉಕ್ರೇನಿನವರು. ಅಣುಸ್ಥಾವರ ಸಿಡಿದ ಮೇಲೆ ಒಂದೇ ಮಧ್ಯಾಹ್ನದಲ್ಲಿ ಖಾಲಿಯಾದ ಊರಿನಲ್ಲಿ ಸಂಸಾರ ಹೂಡಿದ್ದವರು. ಮೂರು ದಿನಕ್ಕೆ ಬಟ್ಟೆ ತಗೊಳ್ಳಿ ಎಂದು ಬಸ್ ಹತ್ತಿಸಿದರಂತೆ. ಗಂಡ ಸ್ಥಾವರದಲ್ಲಿ ಡ್ಯೂಟಿಯಲ್ಲಿದ್ದ. ತಾನು ಬಸುರಿ ಎಂದು ಅವನಿಗೊಂದು ಚೀಟಿ ಬರೆದು, ಅಡುಗೆಮನೆಯ ಮೇಜಿನ ಮೇಲಿಟ್ಟು ಹೊರಟರು. ಕೆಲವೇ ವಾರಗಳಲ್ಲಿ ಅವನು ದೂರದ ಆಸ್ಪತ್ರೆಯಲ್ಲಿ ತೀರಿಕೊಂಡ. ಇವರನ್ನು ಹತ್ತಿರಕ್ಕೂ ಬಿಡಲಿಲ್ಲ. ನಡುವೆ ಒಮ್ಮೆಯಾದರೂ ಮನೆಗೆ ಬಂದಿದ್ದನೇ? ಚೀಟಿ ಓದಿದ್ದನೇ? ಆಂಟಿಗೆ ತಿಳಿಯಬೇಕಿದ್ದದ್ದು ಅಷ್ಟೇ.

ನನ್ನ ಗೆಳತಿ, ಹುಬ್ಬಳ್ಳಿಯ ಮುಬೀನಾ, ಯೂನಿವರ್ಸಿಟಿಯ ಲ್ಯಾಬಿನಲ್ಲಿ ಅದೇ ಊರಿನ ಸ್ಕ್ಯಾನ್ ಚಿತ್ರಗಳನ್ನು ಜೋಡಿಸುತ್ತಿದ್ದಳು. ಕಣ್ಣು ಮುಚ್ಚುವ ವಿಆರ್ ಹೆಡ್‌ಸೆಟ್ ಹಾಕಿಕೊಂಡರೆ ಅಲ್ಲಿಯ ಬೀದಿಗಳಲ್ಲಿ ನಡೆಯಬಹುದು, ಕೆಲವು ಮನೆಗಳ ಒಳಗೂ ಹೋಗಬಹುದು. ಆಂಟಿಯ ಮನೆಯೂ ಅದರಲ್ಲಿ ಸಿಕ್ಕಿತು. ಒಂದು ಶನಿವಾರ ಮಧ್ಯಾಹ್ನ ಅವರನ್ನು ಕರೆದೊಯ್ದೆ. ಅಷ್ಟು ಆಸೆಪಟ್ಟವರು ಅಲ್ಲಿಗೆ ಬಂದಮೇಲೆ ಕುರ್ಚಿ ಬಿಟ್ಟೇಳಲಿಲ್ಲ. “ಮೊದಲು ನೀನು ನೋಡಿ ಹೇಳು ಮಗೂ,” ಎಂದರು.

ಹೆಡ್‌ಸೆಟ್ ಹಾಕಿಕೊಂಡೆ. ರಸ್ತೆಯ ಬಿರುಕುಗಳಲ್ಲೆಲ್ಲ ಮರಗಳು. ಟೂರಿಸ್ಟ್ ಗೈಡಿನ ದನಿಯಲ್ಲಿ ವಟಗುಟ್ಟುತ್ತ ಮೆಟ್ಟಿಲು ಹತ್ತಿದೆ. ಮೂರನೇ ಮಹಡಿ. ಬಾಗಿಲು ತೆರೆದೇ ಇತ್ತು. ಹೊಸ್ತಿಲು ಕಂಡದ್ದೇ, ಅಭ್ಯಾಸಬಲ ನೋಡಿ, ಶೂ ಬಿಚ್ಚಲು ಬಗ್ಗಿದೆ.

“ಏ ಮಂಗ್ಯಾ, ಬೂಟ್ ಯಾಕ ಬಿಚ್ಚಾಕತ್ತೀ? ಊಟಕ್ಕ ಕರದಾರೇನು?” ಎಂದಳು ಮುಬೀನಾ.

“ಮನೆ ಕಣೇ ಇದು!” ಎನ್ನುತ್ತ ಬಾಗಿಲ ಚೌಕಟ್ಟಿಗೆ ಕೈಯೂರಿದೆ. ಲ್ಯಾಬಿನಲ್ಲಿ ಎಲ್ಲಿಯ ಚೌಕಟ್ಟು? ದೊಪ್ಪನೆ ಬಿದ್ದೆ. ಮುಬೀನಾ ನಕ್ಕಳು, ಆಂಟಿಯೂ ನಕ್ಕರು.

ಬಿದ್ದಲ್ಲಿಂದ ಅಡುಗೆಮನೆ ಕಾಣುತ್ತಿತ್ತು. ಮೇಜಿತ್ತು, ಬರಿದಾಗಿ. ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದಾಗ, ಆ ಕಡೆಯಿಂದ ಕಣ್ಣಿಗೆ ಕಾಣದ ಒಬ್ಬ ಗಂಡಸು, ಏನನ್ನೋ ಓದುವವನಂತೆ, ನಿಧಾನವಾಗಿ ಒಂದು ಶಬ್ದ ಅಂದ. ಇನ್ನೊಮ್ಮೆ ಅಂದಾಗ ದನಿಯಲ್ಲಿ ನಗುವಿತ್ತು. ಕೇಳಿದ್ದನ್ನು ಹಾಗೇ ಒಪ್ಪಿಸುವುದು ನನ್ನ ಚಟ. ಆ ನಗುವಿನ ಸಮೇತ ಅಂದುಬಿಟ್ಟೆ: “ಓಸ್ತಾಪ್.”

ಆಂಟಿಯ ನಗು ನಿಂತಿತು.

ಗಂಡಾದರೆ ಈ ಹೆಸರಿಡೋಣ ಎಂದು ಚೀಟಿಯ ಕೊನೆಯಲ್ಲಿ ಬರೆದಿದ್ದರಂತೆ. ಹುಟ್ಟಿದ್ದು ಹೆಣ್ಣು, ಈಗ ಸ್ಟಾಕ್‌ಪೋರ್ಟಿನಲ್ಲಿ ಡಾಕ್ಟರು. ಆ ಮಗಳ ಹತ್ತಿರವೂ ಆಂಟಿ ಆ ಹೆಸರು ಎತ್ತಿರಲಿಲ್ಲ. ಅದೊಂದು ಹೆಸರು ಎಂಬುದೇ ನನಗೆ ಗೊತ್ತಿರಲಿಲ್ಲ.

ಮುಬೀನಾ ಮೂರು ಸಲ ಪರೀಕ್ಷಿಸಿದಳು. ಆ ಸ್ಕ್ಯಾನಿನಲ್ಲಿ ಧ್ವನಿಯೇ ಇಲ್ಲ. “ಆಂಟಿ ನಿದ್ದಿಯೊಳಗ ಅಂದಿದ್ದು ನಿನ್ನ ಕಿವಿಗೆ ಬಿದ್ದಿರ್ಬೇಕು, ನೀ ಮರ್ತೀದಿ,” ಎಂದು ಅವಳ ವಾದ. ಇರಬಹುದು. ಆದರೆ ನಾನು ಕೇಳಿದ್ದು ಗಂಡಸಿನ ದನಿ. ಅದೆಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ.

ಆಂಟಿ ನಮ್ಮ ವಾದ ಮುಗಿಯುವ ತನಕ ಕಾಯಲಿಲ್ಲ. ಎದ್ದು ಬಂದು ಹೆಡ್‌ಸೆಟ್ ಕೇಳಿ ಹಾಕಿಕೊಂಡರು. ಆ ಬರಿದಾದ ಮೇಜಿನೆದುರು ಬಹಳ ಹೊತ್ತು ನಿಂತರು.

“ಜೊತೆಗೆ ತಗೊಂಡು ಹೋಗಿದ್ದಾನೆ,” ಎಂದರು.