ಭಾವನ ಪೂರ್ತಿ ಮತ್ತಿನ ಆಪರೇಷನ್

ನನ್ನ ಅಕ್ಕನ ಗಂಡ ಕೊಪ್ಪದಲ್ಲಿ ಅಡಿಕೆ ವ್ಯಾಪಾರಿ. ಮಗಳ ಮದುವೆ ಗೊತ್ತಾದದ್ದೇ ತಡ, ಅವರಿಗೆ ತಮ್ಮ ಕಣ್ಣಿನ ಕೆಳಗೆ ಜೋತುಬಿದ್ದ ಚೀಲಗಳ ಚಿಂತೆ ಹತ್ತಿತು. ಬೀಗರು ತಮಗಿಂತ ಎಳೆಯರಾಗಿ ಕಾಣುತ್ತಾರಂತೆ. ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದರು. ಊರಿನವರಿಗೆ ಹೇಳಿದ್ದು ಮಾತ್ರ ಕಣ್ಣಿನ ಪೊರೆ ಎಂದು.

“ಹಂಗಾದ್ರೆ ನಂಗೂ ಮಾಡ್ಸಿ,” ಎಂದಳು ಅಕ್ಕ. “ಮಂಟಪದಲ್ಲಿ ನಿಮ್ಮ ಪಕ್ಕ ನಿಮ್ಮಮ್ಮನ ಹಾಗೆ ನಿಂತ್ಕಬೇಕಾ ನಾನು?”

ಹೀಗೆ ಇಬ್ಬರೂ ಒಂದೇ ದಿನ ಆಸ್ಪತ್ರೆ ಸೇರಿದರು. ಕಾರು ಓಡಿಸಿಕೊಂಡು ಹೋದವಳು ನಾನು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸಿದರೆ ಸಾಕು, ಪ್ರಜ್ಞೆ ತಪ್ಪುವಂತೆ ಪೂರ್ತಿ ಮತ್ತು ಕೊಟ್ಟರೆ ಕೆಲವರಿಗೆ ಆಮೇಲೆ ವಾಂತಿ, ಚಳಿ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಕ್ಕ ಒಪ್ಪಿದಳು.

“ಅದೆಲ್ಲ ಹೆಂಗಸ್ರಿಗೆ ಸಾಕು ಡಾಕ್ಟ್ರೇ. ನಂಗೆ ಪೂರ್ತಿದೇ ಕೊಡಿ,” ಎಂದರು ಭಾವ. ಕಣ್ಣ ಹತ್ತಿರ ಸೂಜಿ ಬರುವುದನ್ನು ನೋಡಲಾರದ ಹೆದರಿಕೆಯನ್ನು ಪರಾಕ್ರಮದಂತೆ ಹೇಳಿದ ಆ ಧಾಟಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮಧ್ಯಾಹ್ನ ಅಕ್ಕ ಕಣ್ಣಿಗೆ ತಣ್ಣನೆಯ ಬಟ್ಟೆ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದಳು. ಭಾವನನ್ನು ಗಡಗಡ ನಡುಗುತ್ತಿದ್ದ ಸ್ಥಿತಿಯಲ್ಲಿ ವಾರ್ಡಿಗೆ ತಂದರು. ಉಸಿರಿನ ಕೊಳವೆ ಇಳಿಸಿದ್ದ ಗಂಟಲು ಕಟ್ಟಿಹೋಗಿತ್ತು. ಅಡಿಕೆ ಮಂಡಿಯಲ್ಲೇ ಇದ್ದೇನೆಂದುಕೊಂಡು ನರ್ಸಿಗೆ, “ತೂಕ ಸರಿಯಾಗಿ ಹಾಕು,” ಎಂದು ಗದರಿದರು. ಆಮೇಲೆ ವಾಂತಿ ಶುರುವಾಯಿತು.

“ಮುಖಕ್ಕೆ ಒತ್ತಡ ಬೀಳಬಾರದು ಸಾರ್, ರಕ್ತ ಕಟ್ಟತ್ತೆ,” ಎಂದಳು ನರ್ಸು.

“ನಂಗೆ ಎಂತ ಹೇಳ್ತಿ? ಹೊಟ್ಟೆಗೆ ಹೇಳು.”

ಆ ಸಂಜೆಯೇ ಮನೆಗೆ ಹೊರಡಬಹುದಾಗಿದ್ದ ಅಕ್ಕ ಒಂದು ಕೈಯಲ್ಲಿ ತನ್ನ ಕಣ್ಣಿಗೆ ಐಸು, ಇನ್ನೊಂದರಲ್ಲಿ ಗಂಡನಿಗೆ ಬೇಸಿನ್ನು ಹಿಡಿದುಕೊಂಡು ಅಲ್ಲೇ ಉಳಿದಳು. ಅವಳ ಕಣ್ಣಿನ ಸುತ್ತ ತಿಳಿ ಹಳದಿ ಛಾಯೆಯಷ್ಟೇ ಉಳಿಯಿತು. ಭಾವನ ಕಣ್ಣುಗಳು ನೇರಳೆಹಣ್ಣಿನಂತಾದವು.

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಭಾವನನ್ನು ತಡೆದು ನಿಲ್ಲಿಸಿದರು. “ಯಾರು ಹೊಡೆದ್ರು ಮಾರಾಯ್ರೆ?”

“ಪೊರೆ ತೆಗೆಸಿದ್ದು.”

“ಹೊರಗಡೆಯಿಂದಲಾ?”

ಅಂದಿನಿಂದ ಭಾವ ಅಂಗಡಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಹೋದರು. ಅಕ್ಕನೇ ಹೊಡೆದಿರಬೇಕು ಎಂಬ ಸುದ್ದಿ ಬಸರೀಕಟ್ಟೆಯವರೆಗೂ ಹಬ್ಬಿತ್ತು. ಅವಳು ಅದನ್ನು ಅಲ್ಲಗಳೆಯಲಿಲ್ಲ.

ಮದುವೆಯ ಹೊತ್ತಿಗೆ ಇಬ್ಬರ ಮುಖವೂ ತಿಳಿಯಾಯಿತು. ಫೋಟೋದಲ್ಲಿ ಭಾವ ನಿಜವಾಗಿಯೂ ಚೆನ್ನಾಗಿ ಕಾಣುತ್ತಾರೆ. ಊಟದ ಪಂಕ್ತಿಯಲ್ಲಿ ಬೀಗರಿಗೆ ಗುಟ್ಟಾಗಿ ಸಲಹೆಯನ್ನೂ ಕೊಟ್ಟರು. “ನೀವು ಮಾಡ್ಸಿದ್ರೆ ಪೂರ್ತಿ ಮತ್ತೇ ತಗಳಿ. ನಂಗೆ ಎಂತದೂ ಗೊತ್ತೇ ಆಗ್ಲಿಲ್ಲ.”

ಪಾಯಸ ಬಡಿಸುತ್ತಿದ್ದ ಅಕ್ಕ ಸೌಟು ಇಳಿಸದೆ ಹೇಳಿದಳು: “ಹೌದು. ಗೊತ್ತಾಗಿದ್ದೆಲ್ಲ ನಂಗೆ.”