ಕಂಪ್ರೆಸರ್‌ಗೆ ಹೇಳಿದ ಮಾತು

ಟೈರಮ್ಮನಿಗೆ ಅಳಿಯನನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಬೇಕಾದ್ದಿಲ್ಲ, ಆಕೆಯೇ ಯಾವತ್ತೂ ಸುತ್ತಿ ಬಳಸಿ ಹೇಳಿದವಳಲ್ಲ. ಗಂಡ ಬಿಟ್ಟುಹೋದ ಟೈರ್ ಅಂಗಡಿಯನ್ನು ಒಬ್ಬಳೇ ನಡೆಸಿದ ಹೆಂಗಸು. ಲಾರಿಯವರ ಬಾಯಿಗೆ ಬಾಯಿ ಕೊಟ್ಟು, ಗಂಡಸರು ಏದುಸಿರು ಬಿಡುತ್ತ ಎತ್ತುವ ಚಕ್ರವನ್ನು ಮೊಣಕಾಲಿನಿಂದ ಒತ್ತಿ ನಿಲ್ಲಿಸಿ, ಕೆಲಸ ಮುಗಿದ ಚಕ್ರಕ್ಕೆ ಅಂಗೈಯಿಂದ ಎರಡು ಸಲ ತಟ್ಟಿ ಕಳಿಸುವುದು ಆಕೆಯ ಪದ್ಧತಿ. ಅಂಥವಳ ಒಬ್ಬಳೇ ಮಗಳು ಹೋಗಿ ಹೋಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನನ್ನು ಕಟ್ಟಿಕೊಂಡಳು. ಅವನು ಅಂಗಡಿಯ ಮೇಲಿನ ಮನೆಗೇ ಬಂದು ಮನೆಯಳಿಯನಾಗಿ ಕೂತ.

ಸಾಲದ್ದಕ್ಕೆ ಅವನಿಗೆ ಕಾರಿನ ಹುಚ್ಚು. ಭಾನುವಾರ ಬಂತೆಂದರೆ ಮನೆಯಲ್ಲಿದ್ದ ಒಂದೇ ಬಿಳಿ ಕಾರನ್ನು ಊರಾಚೆಯ ಡ್ರ್ಯಾಗ್ ಸ್ಟ್ರಿಪ್‌ಗೆ ಒಯ್ಯುತ್ತಿದ್ದ. ಅಲ್ಲಿ ಎರಡು ಕಾರು ಪಕ್ಕಪಕ್ಕ ನಿಂತು ನೆಟ್ಟಗೆ ಓಡುತ್ತವೆ, ಯಾವುದು ಮೊದಲು ಆ ತುದಿ ಮುಟ್ಟಿತೋ ಅದು ಗೆದ್ದಂತೆ. ತಿರುವಿಲ್ಲ, ಏರಿಲ್ಲ, ಇಳಿಜಾರಿಲ್ಲ. “ನೆಟ್ಟಗೆ ಓಡೋಕೆ ಮನುಷ್ಯ ಯಾಕೆ ಬೇಕು, ಕತ್ತೆ ಸಾಲ್ದಾ?” ಎಂದು ಟೈರಮ್ಮ ಅಂದಿದ್ದಳು. ರೇಸಿಗೆ ಹೋಗುವವರ ಮುಖ ನೋಡುವುದಿಲ್ಲ ಎಂದೂ ಅಂದಿದ್ದಳು.

ಅಂದದ್ದು ಅಳಿಯನಿಗಲ್ಲ, ಕಂಪ್ರೆಸರ್‌ಗೆ. ಮದುವೆಯಾದಂದಿನಿಂದ ಆಕೆ ಅಳಿಯನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಅಂಗಡಿಯ ಮೂಲೆಯಲ್ಲಿದ್ದ ಗಾಳಿ ತುಂಬುವ ಕಂಪ್ರೆಸರ್ ಕಡೆ ತಿರುಗಿ ಹೇಳುತ್ತಿದ್ದಳು. ಅದು ಆಗಾಗ ಗುಡುಗಿ, ನಡುಗಿ ಸುಮ್ಮನಾಗುತ್ತಿತ್ತು. ಮನೆಯಲ್ಲಿ ತನ್ನ ಮಾತಿಗೆ ಹೂಂಗುಟ್ಟುವ ಪ್ರಾಣಿ ಅದೊಂದೇ ಎಂದು ಆಕೆಗೆ ಅದರ ಮೇಲೆ ಅಭಿಮಾನ.

ಮಳೆಗಾಲ ಇನ್ನೇನು ಶುರುವಾಗಬೇಕು, ಅಳಿಯ ಅಂಗಡಿಗೆ ಇಳಿದು ಬಂದ.

“ಅತ್ತೆ, ಕಾರಿನ ಹಿಂದಿನ ಎರಡು ಟೈರೂ ಸವೆದಿದೆ. ವಾರವೆಲ್ಲ ರಸ್ತೆಗೂ ಆಗ್ಬೇಕು, ಭಾನುವಾರ ಸ್ಟ್ರಿಪ್‌ಗೂ ಆಗ್ಬೇಕು. ಅಂಥದ್ದು ಇದ್ರೆ ಕೊಡಿ.”

ಟೈರಮ್ಮ ಕಂಪ್ರೆಸರ್ ಕಡೆ ತಿರುಗಿದಳು. “ಕೇಳಿದ್ಯಾ? ಅಕ್ಕಿ ಮೇಲೂ ಆಸೆಯಂತೆ, ನೆಂಟರ ಮೇಲೂ ಪ್ರೀತಿಯಂತೆ. ಸ್ಟ್ರಿಪ್‌ಗೆ ಮೆತ್ತನೆ ರಬ್ಬರ್ ಬೇಕು, ಬಿಸಿಯಾದ್ರೆ ಅಂಟಿನ ಥರ ನೆಲ ಹಿಡೀಬೇಕು, ಗೆರೆ ಕಮ್ಮಿ ಇದ್ದಷ್ಟೂ ಒಳ್ಳೇದು. ಮಳೆ ರಸ್ತೇಲಿ ನೀರು ಆಚೆ ತಳ್ಳೋಕೆ ಆಳವಾದ ಗೆರೆ ಬೇಕು. ಇಲ್ದಿದ್ರೆ ಕಾರು ನೀರಿನ ಮೇಲೆ ತೇಲತ್ತೆ. ವಾರವೆಲ್ಲ ಆ ಕಾರು ಓಡಿಸೋದು ಯಾರು ಅಂತ ಕೇಳು ಅವನನ್ನ.”

ಓಡಿಸುತ್ತಿದ್ದವಳು ಮಗಳು. ಊರಾಚೆಯ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ದಾರಿಯಲ್ಲಿ ರೈಲು ಸೇತುವೆಯ ಕೆಳಗೊಂದು ತಗ್ಗು, ನಾಲ್ಕು ಹನಿ ಬಿದ್ದರೆ ಸಾಕು, ನೀರು ನಿಲ್ಲುತ್ತದೆ. ಅಲ್ಲಿ ಜಾರಿ ಗೋಡೆಗೆ ಗುದ್ದಿದ ಕಾರುಗಳ ಚಕ್ರಗಳು ಪ್ರತಿ ಮಳೆಗಾಲವೂ ಟೈರಮ್ಮನ ಅಂಗಡಿಗೆ ಬರುತ್ತಿದ್ದವು. ಕೆಲವಕ್ಕೆ ಮಾಲೀಕರು ಬರುತ್ತಿರಲಿಲ್ಲ, ಅವರ ಅಣ್ಣನೋ ತಮ್ಮನೋ ಬರುತ್ತಿದ್ದರು.

“ಅದಕ್ಕೇ ನಿಮ್ಮನ್ನ ಕೇಳ್ತಿರೋದು,” ಅಳಿಯ ಅಂದ. “ನಡುವಿನದ್ದು ಅಂತ ಬರತ್ತಂತಲ್ಲ, ಸ್ವಲ್ಪ ಗೆರೆ, ಸ್ವಲ್ಪ ಮೆತ್ತಗೆ.”

“ನಡುವಿನದ್ದು ಅನ್ನೋದು ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಹೆಸರು ಬೇರೆ, ನೀರಲ್ಲಿ ಜಾರೋದು ಒಂದೇ. ಸೋತು ಬಂದು ಟೈರ್ ಸರಿಯಿಲ್ಲ ಅನ್ನೋದು ಇವನ ಚಾಳಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

“ಸೋತಿಲ್ಲ ಅತ್ತೆ,” ಅಂದ ಅವನು, ಮುಖ ಅರಳಿಸಿ. “ಈ ವರ್ಷ ಒಂದು ಸಲಾನೂ ಸೋತಿಲ್ಲ.”

ಆ ಅರಳಿದ ಮುಖವೇ ಟೈರಮ್ಮನ ಹೊಟ್ಟೆಗೆ ಬೆಂಕಿ ಇಟ್ಟದ್ದು. ಗೆಲ್ಲುತ್ತಿರುವ ತನಕ ಇವನು ನಿಲ್ಲಿಸುವವನಲ್ಲ, ಹತ್ತು ಜನರೆದುರು ಒಂದು ಸಲ ಮಾನ ಹೋದರೆ ತಾನಾಗಿಯೇ ತೆಪ್ಪಗಾಗುತ್ತಾನೆ ಎಂದುಕೊಂಡಳು. ಅವನು ಕೇಳಿದ ನಡುವಿನ ಟೈರು ಮೇಲಿನ ಅಟ್ಟಣಿಗೆಯಲ್ಲೇ ಇತ್ತು. ಮಳೆಯಲ್ಲಿ ಮಗಳು ಜಾರಬಾರದೆಂದು ಆಕೆ ಅದನ್ನು ಮುಟ್ಟಲಿಲ್ಲ. ಟ್ಯಾಕ್ಸಿಯವರು ಹಾಕಿಸುವ, ವರ್ಷಗಟ್ಟಲೆ ಸವೆಯದ ಕಲ್ಲಿನಂಥ ಜೋಡಿಯನ್ನು ಇಳಿಸಿ, ಚೀಟಿ ಕಿತ್ತು, ತಾನೇ ಕೂರಿಸಿದಳು.

“ಗೆರೆ ಜಾಸ್ತಿ ಆಯ್ತಲ್ಲ ಅತ್ತೆ?”

“ಗೆರೆ ನೋಡಿ ರಬ್ಬರ್ ತಿಳಿಯೋದಾದ್ರೆ ಕನ್ನಡಕದ ಅಂಗಡಿಯವರೇ ಟೈರ್ ಮಾರ್ತಿದ್ರು ಅಂತ ಹೇಳು. ರಸ್ತೆಗೂ ಆಗತ್ತೆ, ಸ್ಟ್ರಿಪ್‌ಗೂ ಆಗತ್ತೆ.”

ಟೈರಿನ ವಿಷಯದಲ್ಲಿ ಆ ಅಂಗಡಿಯಲ್ಲಿ ಹೇಳಿದ ಮೊದಲ ಸುಳ್ಳು ಅದು. ಕಂಪ್ರೆಸರ್ ಆಗ ಯಾಕೋ ಗುಡುಗಲಿಲ್ಲ.

ಭಾನುವಾರ ಮಗಳು ಎಂದಿನಂತೆ ಓವರ್‌ಟೈಮ್ ಅಂತ ಹೊರಟಳು, ಅಳಿಯ ಕಾರು ತೆಗೆದ. ಟೈರಮ್ಮ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು. ಅಳಿಯನ ಮಾನ ಹೋಗುವುದನ್ನು ಕಣ್ಣಾರೆ ನೋಡದಿದ್ದರೆ ಅಷ್ಟು ದೊಡ್ಡ ಸುಳ್ಳು ಹೇಳಿ ಏನು ಬಂತು?

ಸ್ಟ್ರಿಪ್‌ನಲ್ಲಿ ಮೆಟ್ಟಿಲುಗಳ ತುಂಬ ಜನ. ಪಕ್ಕದಲ್ಲಿ ಕೂತಿದ್ದ ಮುದುಕ ತಾನಾಗಿಯೇ ಮಾತಿಗಿಳಿದ. “ಬಿಳಿ ಕಾರು ನೋಡಮ್ಮಾ, ಅದನ್ನ ಯಾರೂ ಹಿಡಿಯೋಕಾಗಿಲ್ಲ.” ಬಿಳಿ ಕಾರು ಬಂತು. ಅದರ ಪಕ್ಕ ಅಳಿಯ ನಡೆದು ಬರುತ್ತಿದ್ದ. ಹಿಡಿತ ಹೆಚ್ಚಲೆಂದು ಹಿಂದಿನ ಟೈರುಗಳ ಬಳಿ ಮಂಡಿಯೂರಿ ಗಾಳಿ ಇಳಿಸಿ, ಮೀಟರ್ ನೋಡಿ, ಎದ್ದು ದೂರ ಸರಿದ. ಇವನು ಹೊರಗಿದ್ದರೆ ಒಳಗೆ ಯಾರು? ಹೆಲ್ಮೆಟ್ ಹಾಕಿದ ತಲೆ ಗುರುತು ಹತ್ತಲಿಲ್ಲ. ಆಮೇಲೆ ಕಿಟಕಿಯಿಂದ ಒಂದು ಕೈ ಹೊರಬಂದು ಬಾಗಿಲಿಗೆ ಅಂಗೈಯಿಂದ ಎರಡು ಸಲ ತಟ್ಟಿತು. ಟೈರಮ್ಮ ತನ್ನದೇ ಅಂಗೈಯನ್ನು ನೋಡಿಕೊಂಡಳು.

ಹಸಿರು ದೀಪ ಹತ್ತಿತು. ಪಕ್ಕದ ಕಾರು ಹಾರಿತು. ಬಿಳಿ ಕಾರಿನ ಹಿಂದಿನ ಚಕ್ರಗಳು ಕಿರುಚಿ, ಹೊಗೆ ಉಗುಳಿ, ನಿಂತಲ್ಲೇ ತಿರುಗಿದವು. ಕಾರು ಸೊಟ್ಟಕ್ಕೆ ವಾಲಿ, ಮುಗ್ಗರಿಸುತ್ತ ಹೊರಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ಆಕೆ ಕೇಳಲೆಂದೇ ಬಸ್ಸು ಹತ್ತಿ ಬಂದಿದ್ದ ನಗು ಅದು.

“ಯಾವನು ಕೊಟ್ಟ ಟೈರೋ, ಅವನ ಕೈ ಸೇದಿಹೋಗ,” ಅಂದ ಮುದುಕ. ಬೇರೆ ದಿನವಾಗಿದ್ದರೆ ಟೈರಮ್ಮ ಅವನ ಹಲ್ಲು ಉದುರಿಸುತ್ತಿದ್ದಳು. ಅಂದು ಸುಮ್ಮನೆ ಎದ್ದು ಕೆಳಗಿಳಿದಳು.

ಮಗಳು ಹೆಲ್ಮೆಟ್ ತೆಗೆದಿಟ್ಟು ಹಿಂದಿನ ಟೈರಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದಳು. ರಬ್ಬರಿಗೆ ಹೆಬ್ಬೆರಳ ಉಗುರು ಒತ್ತುತ್ತಿದ್ದಳು. ಉಗುರು ಇಳಿಯುತ್ತಿರಲಿಲ್ಲ.

“ಓವರ್‌ಟೈಮ್ ಅಂದಿದ್ದೆ,” ಅಂದಳು ಟೈರಮ್ಮ.

“ಸುಳ್ಳು ಹೇಳಿದೆ. ರೇಸಿಗೆ ಹೋಗೋರ ಮುಖ ನೋಡಲ್ಲ ಅಂದಿದ್ದೆ ನೀನು. ‘ನನ್ನ ಹೆಸರು ಹೇಳು, ಹೇಗಿದ್ರೂ ನಿಮ್ಮಮ್ಮನಿಗೆ ನನ್ನ ಕಂಡ್ರೆ ಆಗಲ್ಲ’ ಅಂದ್ರು ಇವರು.” ಮಗಳು ಎದ್ದು ನಿಂತಳು. “ಯಾವ ಟೈರಿಗಾದ್ರೂ ಮೊದಲು ಉಗುರು ಒತ್ತಿ ನೋಡು ಅಂತ ನೀನೇ ಕಲಿಸಿದ್ದು. ಅಮ್ಮನ ಅಂಗಡಿ ಟೈರಿಗೂ ಒತ್ತಿ ನೋಡ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ.”

“ನಿನ್ನ ಒಳ್ಳೇದಕ್ಕೇ ಕಣೇ...”

“ಇವರ ಮಾನ ಕಳೆಯೋಕೆ ಮಾಡಿದೆ. ಹೋಗಿದ್ದು ನಂದು.”

ಮರುದಿನವೇ ಮಗಳು ಎದುರು ಬೀದಿಯ ಅಂಗಡಿಯಿಂದ ಟೈರು ತಂದಳು. ಅಲ್ಲಿದ್ದುದರಲ್ಲೇ ಅತಿ ಮೆತ್ತನೆಯದು, ಬೋಳುತಲೆಯ ಮೇಲೆ ಉಳಿದ ಕೂದಲಿನಷ್ಟು ಗೆರೆ. ಕಲ್ಲಿನಂಥ ಹಳೆಯ ಜೋಡಿಯನ್ನು ತಾಯಿಯ ಅಂಗಡಿ ಬಾಗಿಲಲ್ಲಿ ಉರುಳಿಸಿ ಹೋದಳು. ತಾಯಿಯ ಜೊತೆ ಮಾತು ಬಿಟ್ಟಳು. ಯಾವುದನ್ನು ತಪ್ಪಿಸಲು ಟೈರಮ್ಮ ಸುಳ್ಳು ಹೇಳಿದ್ದಳೋ ಅದನ್ನೇ ಹೊತ್ತು ಬಿಳಿ ಕಾರು ದಿನಾ ಬೆಳಿಗ್ಗೆ ಸೇತುವೆಯ ಕಡೆ ಹೋಗತೊಡಗಿತು. ವಾರದೊಳಗೆ ಮಳೆ ಹಿಡಿಯಿತು. ಮಗಳು ಮನೆ ಮುಟ್ಟುವವರೆಗೂ ಆಕೆಗೆ ಯಾವ ಕೆಲಸವೂ ಸಾಗುತ್ತಿರಲಿಲ್ಲ. ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಒಂದು ಬೆಳಿಗ್ಗೆ ಅಳಿಯ ಕೊಡೆ ಹಿಡಿದು ಕೆಲಸಕ್ಕೆ ಹೊರಟಾಗ ಆಕೆ ಅಡ್ಡ ಬಂದಳು. ಕಂಪ್ರೆಸರ್‌ಗೆ ಬೆನ್ನು ಹಾಕಿ ನಿಂತಳು.

“ಅಳಿಯಂದ್ರೇ.”

ಅವನು ಬೆಚ್ಚಿ ಹಿಂದೆ ನೋಡಿದ, ಬೇರೆ ಯಾರಾದರೂ ಇದ್ದಾರೇನೋ ಎಂದು.

“ಆ ಟೈರು ಮಳೆಗಾಗಲ್ಲ. ಸೇತುವೆ ಕೆಳಗೆ ನೀರು ನಿಂತಿದೆ. ನನ್ನ ಮಾತು ಅವಳು ಕೇಳಲ್ಲ, ಕೇಳೋ ಹಾಗೆ ನಾನು ಇಟ್ಕೊಂಡಿಲ್ಲ. ನೀವು ಹೇಳಿ.” ಅವನನ್ನೇ ಕೇಳಬೇಕಾಯಿತಲ್ಲ ಎಂದು ಆಕೆಗೆ ಸಿಟ್ಟೂ ಬಂತು.

ಅಳಿಯ ಕನ್ನಡಕ ಒರೆಸಿಕೊಂಡು, ಆಕೆಯನ್ನು ದಾಟಿ ಹೋಗಿ, ಕಂಪ್ರೆಸರ್ ಮುಂದೆ ನಿಂತ.

“ಕೇಳು. ನಿನ್ನ ಯಜಮಾನಿಗೆ ಹೇಳು, ನಿನ್ನೆ ರಾತ್ರಿನೇ ಅವಳನ್ನ ಒಪ್ಪಿಸಿದೀನಿ. ಒಂದೇ ಟೈರಲ್ಲಿ ಎರಡೂ ಆಗಲ್ಲ ಅಂತ ನಂಗೂ ಗೊತ್ತಾಯ್ತು. ಸ್ಟ್ರಿಪ್‌ಗೆ ಅಂತ ಬೇರೆ ಎರಡು ರಿಮ್ ತರ್ತೀನಿ, ಮೆತ್ತನೆ ಟೈರು ಅದಕ್ಕಿರ್ಲಿ. ರಸ್ತೆಗೆ ಆ ಟ್ಯಾಕ್ಸಿ ಟೈರೇ ಇರ್ಲಿ. ಭಾನುವಾರ ಬೆಳಿಗ್ಗೆ ಬಿಚ್ಚಿ ಹಾಕೋದು, ಸಂಜೆ ಮತ್ತೆ ಬದಲಾಯಿಸೋದು ಅವರ ಕೆಲಸ. ಆದ್ರೆ ನಿಮ್ಮ ಮಗಳದ್ದು ಒಂದು ಷರತ್ತಿದೆ ಅಂತ ಹೇಳು. ಪ್ರತಿ ಸಲಾನೂ ಅವಳು ಉಗುರು ಒತ್ತಿ ನೋಡ್ತಾಳಂತೆ. ಅವರ ಎದುರಿಗೇ.”

ಕೊಡೆ ಬಿಚ್ಚಿ ಮಳೆಗಿಳಿದು ಹೋದ.

ಆ ಭಾನುವಾರ ಟೈರಮ್ಮ ಎರಡು ಚಕ್ರ ಕೂರಿಸಿ, ಬೋಲ್ಟ್ ಬಿಗಿ ಮಾಡಿ, ತಟ್ಟಲು ಕೈ ಎತ್ತಿದಳು. ಅಷ್ಟರಲ್ಲಿ ಮಗಳು ಬಗ್ಗಿ ರಬ್ಬರಿಗೆ ಉಗುರು ಒತ್ತಿದಳು. ತಾಯಿ ಎತ್ತಿದ ಕೈ ಕೆಳಗಿಳಿಸಿ ಕಾದು ನಿಂತಳು.